ಸಸ್ಪೆಂಡ್ ಮಾಡಿ ಕೈ ಸುಟ್ಟುಕೊಂಡೆ, ಆಮೇಲೆ ದಾರಿ ಸಿಕ್ಕಿತು

"ಸಸ್ಪೆಂಡ್ ಮಾಡಿ ಮನೆಗೆ ಕಳಿಸಿದವನಿಗೆ ದುಡ್ಡು ಬೇರೆ ಕೊಡಬೇಕಾ ಸಾರ್?" ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಈ ಮಾತು ಎಷ್ಟು ಸಲ ಕೇಳಿದ್ದಾರೋ ಲೆಕ್ಕ ಇಲ್ಲ. ಹೋದ ತಿಂಗಳು ಲೇಬರ್ ಕೋರ್ಟಿನಲ್ಲಿ, ನಾವು ಕಂಪನಿಯೊಳಗೆ ನಡೆಸಿದ ಎನ್‌ಕ್ವೈರಿ ಸರಿಯಾಗಿಯೇ ನಡೆದಿದೆ ಅಂತ ಆರ್ಡರ್ ಬಂತು. ಈಗ ಕೇಳುತ್ತಿಲ್ಲ.

ಮೊದಲು ಸೋತ ಕಥೆ ಹೇಳುತ್ತೇನೆ. ಹತ್ತು ವರ್ಷದ ಹಿಂದೆ ಸ್ಟೋರ್ಸ್‌ನಲ್ಲಿ ತಾಮ್ರದ ತಂತಿ ಕಡಿಮೆ ಬಿತ್ತು. ಯಜಮಾನರ ಸಿಟ್ಟಿಗೆ ಹೆದರಿ ಅವತ್ತು ಸಂಜೆಯೇ ಒಬ್ಬನನ್ನು ಸಸ್ಪೆಂಡ್ ಮಾಡಿದೆ. ಚಾರ್ಜ್‌ಶೀಟ್, ಅಂದರೆ ಅವನ ಮೇಲಿನ ಆರೋಪಗಳ ಪತ್ರ, ಬರೆಯೋಕೆ ಎರಡು ತಿಂಗಳು ಹಿಡಿಯಿತು. ಸಸ್ಪೆಂಡ್ ಆದವನಿಗೆ ಕೊಡಬೇಕಾದ ಜೀವನಾಧಾರ ಭತ್ಯೆಯನ್ನು ಅಕೌಂಟ್ಸಿನವರು "ಕದ್ದವನಿಗೆ ಯಾಕೆ" ಅಂತ ತಡೆದರು. ನಾನೂ ಸುಮ್ನಿದ್ದೆ. ಅವನು ಎನ್‌ಕ್ವೈರಿಗೆ ಬರಲಿಲ್ಲ. ಅವನಿಲ್ಲದೆಯೇ ಮುಗಿಸಿ ಡಿಸ್ಮಿಸ್ ಮಾಡಿದೆವು.

ಕೋರ್ಟಿನಲ್ಲಿ ಅವನ ವಕೀಲರು ಎತ್ತಿದ್ದು ಕೆಜಿಎಫ್ ಕೇಸು. ಭಾರತ್ ಗೋಲ್ಡ್ ಮೈನ್ಸ್‌ನ ಸೆಕ್ಯುರಿಟಿ ಆಫೀಸರ್ ಒಬ್ಬರಿಗೆ ಭತ್ಯೆ ಕೊಟ್ಟಿರಲಿಲ್ಲ. ಕೇರಳದ ಮನೆಯಿಂದ ವಿಚಾರಣೆಗೆ ಬರೋಕೆ ಅವರ ಹತ್ತಿರ ಕಾಸಿರಲಿಲ್ಲ. 1999ರಲ್ಲಿ ಸುಪ್ರೀಂ ಕೋರ್ಟ್ ಆ ಎನ್‌ಕ್ವೈರಿಯನ್ನೇ ಒಪ್ಪಲಿಲ್ಲ. ನಮ್ಮದೂ ಅದೇ ಗತಿ. ಹಿಂಬಾಕಿ, ವಕೀಲರ ಫೀಸು, ಓಡಾಟ ಎಲ್ಲ ಸೇರಿ ಆರೂವರೆ ಲಕ್ಷದ ಹತ್ತಿರ ಹೋಯಿತು. ವಾಪಸ್ ಗೇಟಿನೊಳಗೆ ಬಂದವನು ನನಗೆ ನಗುನಗುತ್ತಾ ನಮಸ್ಕಾರ ಬೇರೆ ಹೊಡೆದ.

ಆಮೇಲೆ ಸಸ್ಪೆಂಡ್ ಮಾಡೋದೇ ಬೇಡ ಅಂತ ಬೇರೆ ದಾರಿ ಹುಡುಕಿದೆ. ಒಬ್ಬನನ್ನು ಬೇರೆ ಸೆಕ್ಷನ್ನಿಗೆ ಹಾಕಿದೆ. ಕ್ಯಾಂಟೀನ್ ಒಂದೇ ಅಲ್ವಾ? ಹತ್ತು ದಿನದಲ್ಲಿ ಇಬ್ಬರು ಸಾಕ್ಷಿಗಳು ಮಾತು ಬದಲಿಸಿದರು. ಇನ್ನೊಬ್ಬನಿಗೆ ಪೂರ್ತಿ ಸಂಬಳದ ರಜೆ ಕೊಟ್ಟೆ. ಉಳಿದವರು ತಮಾಷೆಗೆ "ನಮ್ಮ ಮೇಲೂ ಒಂದು ಕಂಪ್ಲೇಂಟ್ ಬರೆಸಿ ಸಾರ್" ಅಂದರು. ಆದರೂ ನಾಲ್ಕೈದು ದಿನದ ಮಟ್ಟಿಗೆ, ದಾಖಲೆ ಎತ್ತಿಟ್ಟುಕೊಳ್ಳೋಕೆ, ಇದು ಒಳ್ಳೆಯದೇ.

ಈಗ ಮಾಡೋದು ಹೀಗೆ. ದೂರು ಬಂದ ದಿನ ಸಸ್ಪೆಂಡ್ ಮಾಡೋದಿಲ್ಲ, ಎರಡು ದಿನ ಕಾಯುತ್ತೇನೆ. ಇವನು ಒಳಗಿದ್ದರೆ ಯಾವ ರಿಜಿಸ್ಟರ್ ತಿದ್ದಬಹುದು, ಯಾವ ಸಾಕ್ಷಿಯನ್ನು ಹೆದರಿಸಬಹುದು ಅಂತ ಹಾಳೆಯ ಮೇಲೆ ಬರೆಯುತ್ತೇನೆ. ಬರೆಯೋಕೆ ಏನೂ ಸಿಗದಿದ್ದರೆ ಸಸ್ಪೆನ್ಷನ್ನೇ ಬೇಡ, ಕೆಲಸ ಮಾಡುತ್ತಲೇ ಎನ್‌ಕ್ವೈರಿ ಎದುರಿಸಲಿ. ಸಿಕ್ಕರೆ ಆರ್ಡರ್ ಹೊರಡುತ್ತದೆ. ವಾರದೊಳಗೆ ಚಾರ್ಜ್‌ಶೀಟ್.

ಭತ್ಯೆ ಮಾತ್ರ ಸಂಬಳದ ದಿನವೇ ಬ್ಯಾಂಕಿಗೆ ಹೋಗಬೇಕು. ಒಂದು ದಿನ ತಡವಾದರೂ ಅಕೌಂಟ್ಸಿನವರ ಜೊತೆ ಜಗಳವೇ. 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯ 10ಎ ಸೆಕ್ಷನ್ ಹೇಳುತ್ತಿದ್ದದ್ದು ಇಷ್ಟು: ಮೊದಲ 90 ದಿನ ಅರ್ಧ ಸಂಬಳ, ಆಮೇಲೆ ತಡಕ್ಕೆ ಕಾರಣ ಅವನಲ್ಲದಿದ್ದರೆ ಮುಕ್ಕಾಲು. ಹಳೇ ಕೇಸಿನಲ್ಲಿ ಎನ್‌ಕ್ವೈರಿ 14 ತಿಂಗಳು ಎಳೆದಿತ್ತು. 24,000 ಸಂಬಳಕ್ಕೆ ಭತ್ಯೆಯೇ ಎರಡೂಕಾಲು ಲಕ್ಷ ದಾಟುತ್ತದೆ. ಈ ಸಲ 70 ದಿನ ಚಿಲ್ಲರೆಯಲ್ಲಿ ಮುಗಿಸಿದೆ, ಹೆಚ್ಚುಕಡಿಮೆ 28,000 ಆಯಿತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧ ಸಂಹಿತೆಯೂ ವಿಚಾರಣೆಯನ್ನು ಸಾಮಾನ್ಯವಾಗಿ 90 ದಿನದೊಳಗೆ ಮುಗಿಸಿ ಅನ್ನುತ್ತದೆ. ನಾನು ಅದಕ್ಕೂ ಮುಂಚೆಯೇ ಆ ಗೆರೆ ಹಾಕಿಕೊಂಡಿದ್ದೆ ಅಂತ ಸ್ವಲ್ಪ ಜಂಬ ಇದೆ.

ಎನ್‌ಕ್ವೈರಿ ಆಫೀಸರನ್ನು ಹೇಗೆ ಆರಿಸುತ್ತೇನೆ, ಸಸ್ಪೆನ್ಷನ್ ಆರ್ಡರಿನ ಮೂರನೇ ಪ್ಯಾರಾದಲ್ಲಿ ಏನು ಬರೆಯುತ್ತೇನೆ, ಅದು ಇಲ್ಲಿ ಬೇಡ. ಎದುರು ಪಾರ್ಟಿ ವಕೀಲರೂ ಓದುತ್ತಾರೆ.

ನಡುವೆ ಒಬ್ಬ ನಿರ್ದೋಷಿ ಅಂತ ಬಂದ. ಅವನ ಬಾಕಿ ಅರ್ಧ ಸಂಬಳವನ್ನು ಕೂಡಲೇ ಕೊಡಿಸಿದೆ. ಆದರೆ ಅವನ ಮಗಳ ಮದುವೆ ಮಾತುಕತೆ ಆಗಲೇ ಮುರಿದು ಬಿದ್ದಿತ್ತು. ಆ ಎರಡು ದಿನ ಕಾಯೋ ಅಭ್ಯಾಸ ಶುರುವಾಗಿದ್ದು ಅಲ್ಲಿಂದ. ಅವನು ಈಗಲೂ ನಮ್ಮಲ್ಲೇ ಇದ್ದಾನೆ. ನನ್ನ ಜೊತೆ ಮಾತಾಡೋದಿಲ್ಲ.