ಜರ್ಮನಿಯಲ್ಲಿ ಕರಾರು: ಬೆಂಗಳೂರಿನ ಟೆಂಪ್ಲೇಟು ಇಲ್ಲಿ ಏಕೆ ನಿಲ್ಲುವುದಿಲ್ಲ

ಜರ್ಮನಿಯಲ್ಲಿ ಜಿಎಂಬಿಎಚ್ (ಇಲ್ಲಿನ ಪ್ರೈವೇಟ್ ಲಿಮಿಟೆಡ್ ಕಂಪನಿ) ತೆರೆದು, ಇಲ್ಲಿನ ಕಾರ್ಖಾನೆಗಳಿಂದ ಸಾಫ್ಟ್‌ವೇರ್ ಕೆಲಸ ಹಿಡಿದು, ಬೆಂಗಳೂರಿನ ತಂಡದಿಂದ ಮಾಡಿಸುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೋಂದಣಿಯನ್ನು ನೋಟರಿ, ವ್ಯಾಟ್ ಅನ್ನು ನಿಮ್ಮ ಸ್ಟೊಯರ್‌ಬೆರಾಟರ್ (ತೆರಿಗೆ ಸಲಹೆಗಾರ) ನೋಡಿಕೊಳ್ಳುತ್ತಾರೆ, ಅದರ ಗೊಡವೆ ಬೇಡ. ಹೊಸಬರು ಒಬ್ಬರಾದ ಮೇಲೊಬ್ಬರು ಎಡವುವ ಕಲ್ಲು ಬೇರೆ ಕಡೆ ಇದೆ. ಊರಿನಿಂದ ತಂದ 40 ಪುಟದ ಇಂಗ್ಲಿಷ್ ಟೆಂಪ್ಲೇಟಿನಲ್ಲಿ ಈ ಒಂದು ಸಾಲು ಇದ್ದೇ ಇರುತ್ತದೆ:

"ಯಾವುದೇ ಸಂದರ್ಭದಲ್ಲೂ ಸರಬರಾಜುದಾರನ ಒಟ್ಟು ಹೊಣೆ ಹಿಂದಿನ 12 ತಿಂಗಳಲ್ಲಿ ಪಾವತಿಯಾದ ಶುಲ್ಕವನ್ನು ಮೀರತಕ್ಕದ್ದಲ್ಲ."

ಇಬ್ಬರೂ ವ್ಯಾಪಾರಸ್ಥರು, ಓದಿಯೇ ಸಹಿ ಹಾಕಿದ್ದಾರೆ, ಇನ್ನೇನು ತಕರಾರು ಎಂದು ನಮಗೆ ಅನ್ನಿಸುತ್ತದೆ. ಜರ್ಮನ್ ನ್ಯಾಯಾಲಯಕ್ಕೆ ಹಾಗೆ ಅನ್ನಿಸುವುದಿಲ್ಲ. ಮತ್ತೆ ಮತ್ತೆ ಬಳಸಲೆಂದು ಮೊದಲೇ ಬರೆದಿಟ್ಟ ಷರತ್ತು ಯಾವುದಿದ್ದರೂ ಅದು ಇಲ್ಲಿ 'ಎಜಿಬಿ', ಅಂದರೆ ಸಾಮಾನ್ಯ ವ್ಯವಹಾರ ಷರತ್ತು. ಮೂರು ಸಲ ಬಳಸುವ ಉದ್ದೇಶವಿದ್ದರೆ ಸಾಕು, ಮೊದಲನೆಯ ಗಿರಾಕಿಗೇ ಇದು ಅನ್ವಯವಾಗುತ್ತದೆ. ಇಲ್ಲಿನ ನಾಗರಿಕ ಸಂಹಿತೆ ಬಿಜಿಬಿಯ 305ರಿಂದ 310ರವರೆಗಿನ ಕಲಮುಗಳು ಇಂಥ ಷರತ್ತುಗಳನ್ನು ಜರಡಿ ಹಿಡಿಯುತ್ತವೆ. ಇದು ಗ್ರಾಹಕರ ರಕ್ಷಣೆಗೆ ಮಾತ್ರ ಇರುವ ಕಾನೂನು ಎಂದುಕೊಳ್ಳಬೇಡಿ. 307ನೇ ಕಲಮಿನ ಮೂಲಕ ಕಂಪನಿ ಕಂಪನಿಗಳ ನಡುವಿನ ಕರಾರಿಗೂ ಇದೇ ಜರಡಿ.

ಮೇಲಿನ ಸಾಲು ಏಕೆ ಬೀಳುತ್ತದೆ? "ಯಾವುದೇ ಸಂದರ್ಭದಲ್ಲೂ" ಎಂದಾಗ ಉದ್ದೇಶಪೂರ್ವಕ ಹಾನಿ, ಗಂಭೀರ ನಿರ್ಲಕ್ಷ್ಯ, ಜೀವಕ್ಕೆ ದೇಹಕ್ಕೆ ಆದ ಪೆಟ್ಟು ಎಲ್ಲವೂ ಅದರೊಳಗೆ ಬಂದವು. ಇವುಗಳ ಹೊಣೆಗೆ ಮುದ್ರಿತ ಷರತ್ತಿನಲ್ಲಿ ಮಿತಿ ಹಾಕುವಂತಿಲ್ಲ. ಸರಿ, ನ್ಯಾಯಾಧೀಶರು ಆ ಭಾಗವನ್ನಷ್ಟೇ ಕತ್ತರಿಸಿ ಉಳಿದದ್ದನ್ನು ಉಳಿಸುತ್ತಾರೆ ಎಂದುಕೊಂಡರೆ ಅದೂ ಇಲ್ಲ. ನಿಮ್ಮ ಷರತ್ತು ಇಡಿಯಾಗಿ ಬೀಳುತ್ತದೆ. ಆ ಜಾಗಕ್ಕೆ 306ನೇ ಕಲಮಿನ ಪ್ರಕಾರ ಮೂಲ ಕಾನೂನು ಬಂದು ಕೂರುತ್ತದೆ, ಮೂಲ ಕಾನೂನಿನಲ್ಲಿ ಮಿತಿಯೇ ಇಲ್ಲ. ಸಣ್ಣ ಅಜಾಗರೂಕತೆಗೂ ಪೂರ್ತಿ ನಷ್ಟ, ಬರಬೇಕಿದ್ದ ಲಾಭವೂ ಸೇರಿ, ನೀವೇ ಕಟ್ಟಿಕೊಡಬೇಕು. "ಕಾನೂನು ಒಪ್ಪುವಷ್ಟರ ಮಟ್ಟಿಗೆ" ಎಂದು ಬಾಲ ಅಂಟಿಸಿದರೂ ಕಲಮು ಬದುಕುವುದಿಲ್ಲ. "ಒಂದು ಷರತ್ತು ಬಿದ್ದರೂ ಉಳಿದವು ಊರ್ಜಿತ" ಎಂಬ ಕೊನೆಯ ಪುಟದ ಸಾಲು ಉಳಿದವನ್ನು ಕಾಯುತ್ತದೆ, ಬಿದ್ದದ್ದನ್ನು ಎತ್ತಿ ನಿಲ್ಲಿಸುವುದಿಲ್ಲ.

ಲೆಕ್ಕ ಹಾಕಿ ನೋಡಿ. 60,000 ಯೂರೋ ಕೆಲಸ. ಒಂದು ಅಪ್‌ಡೇಟ್ ತಪ್ಪಿ ಗಿರಾಕಿಯ ಜೋಡಣೆ ಸಾಲು ಮೂರು ದಿನ ನಿಂತಿತು, ನಷ್ಟ 4,00,000 ಯೂರೋ. ಗಿರಾಕಿ ಪೂರ್ತಿ ಮೊತ್ತ ಕೇಳುತ್ತಾನೆ. ನೀವು ಬೆಂಗಳೂರಿನ ತಂಡದ ಕಡೆ ತಿರುಗುತ್ತೀರಿ. ಅವರೊಂದಿಗಿನ ಕರಾರು ಭಾರತೀಯ ಕಾನೂನಿನಡಿ ಇದೆ, ಅದರಲ್ಲೂ ಅದೇ ಮಿತಿಯ ಸಾಲಿದೆ, ಅಲ್ಲಿ ಅದು ಸಾಮಾನ್ಯವಾಗಿ ನಿಲ್ಲುತ್ತದೆ. ಅವರು ಕೊಡುವುದು ತಮ್ಮ ಶುಲ್ಕದಷ್ಟು, 25,000 ಯೂರೋ ಎಂದಿಟ್ಟುಕೊಳ್ಳಿ. ಉಳಿದ 3,75,000 ಯೂರೋ ನಡುವೆ ನಿಂತ ನಿಮ್ಮ ಜಿಎಂಬಿಎಚ್ ತಲೆಗೆ. ಎರಡು ದೇಶಗಳ ಕಾನೂನಿನ ನಡುವಿನ ಈ ಸಂದಿಯನ್ನು ಕರಾರಿಗೆ ಕೂರುವ ಮುಂಚೆ ಯಾರೂ ಅಳೆದು ನೋಡುವುದಿಲ್ಲ.

ಹಾಗಾದರೆ ಬರೆಯುವುದು ಹೇಗೆ? ಹೊಣೆಯನ್ನು ಪದರ ಪದರವಾಗಿ ಬಿಡಿಸಿ ಬರೆಯಬೇಕು. ಉದ್ದೇಶಪೂರ್ವಕ ಹಾನಿ, ಗಂಭೀರ ನಿರ್ಲಕ್ಷ್ಯ, ಜೀವ-ದೇಹ-ಆರೋಗ್ಯದ ಹಾನಿ, ಉತ್ಪನ್ನ ಹೊಣೆ ಕಾಯ್ದೆಯಡಿ ಬರುವ ಹೊಣೆ, ನೀವಾಗಿ ಕೊಟ್ಟ ಗ್ಯಾರಂಟಿ: ಇವಿಷ್ಟಕ್ಕೂ ಮಿತಿಯಿಲ್ಲ ಎಂದು ಮೊದಲೇ ಒಪ್ಪಿಕೊಳ್ಳಿ. ಆಮೇಲೆ ಸಾಧಾರಣ ನಿರ್ಲಕ್ಷ್ಯದಿಂದ ಕರಾರಿನ ಮುಖ್ಯ ಕರ್ತವ್ಯ ತಪ್ಪಿದರೆ ಹೊಣೆ "ಮುಂಗಾಣಬಹುದಾದ, ಇಂಥ ಕರಾರಿನಲ್ಲಿ ಸಹಜವಾದ ನಷ್ಟ"ಕ್ಕೆ ಸೀಮಿತ ಎನ್ನಿ. ಮುಖ್ಯ ಕರ್ತವ್ಯ ಎಂದರೇನು ಎಂದು ಅಲ್ಲೇ ವಿವರಿಸಿ: ಯಾವುದು ನೆರವೇರದಿದ್ದರೆ ಕರಾರಿಗೆ ಅರ್ಥವೇ ಇಲ್ಲವೋ, ಯಾವುದನ್ನು ಗಿರಾಕಿ ನಂಬಿ ಕೂತಿರುತ್ತಾನೋ ಅದು. ಬರೀ 'ಕಾರ್ಡಿನಾಲ್‌ಫ್ಲಿಷ್ಟ್' ಎಂಬ ವಕೀಲರ ಪದ ಬರೆದು ಬಿಟ್ಟರೆ ಅಸ್ಪಷ್ಟ ಎಂದು ಕಲಮು ಬೀಳುತ್ತದೆ; ಇಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಬಿಜಿಎಚ್ 2005ರಲ್ಲೇ ಹಾಗೆ ಹೇಳಿದೆ. ಉಳಿದ ಸಾಧಾರಣ ನಿರ್ಲಕ್ಷ್ಯಕ್ಕೆ ಹೊಣೆಯಿಲ್ಲ ಎನ್ನಬಹುದು. ಇಷ್ಟೆಲ್ಲ ಬರೆದರೂ ಸಿಗುವ ರಕ್ಷಣೆ ನೀವು ಬಯಸಿದಷ್ಟಲ್ಲ. ಉಳಿದದ್ದಕ್ಕೆ ಐಟಿ ಹೊಣೆ ವಿಮೆ ಬೇಕೇ ಬೇಕು. ಬೆಂಗಳೂರಿನ ಉಪಗುತ್ತಿಗೆದಾರರ ತಪ್ಪೂ ಪಾಲಿಸಿಯೊಳಗೆ ಬರುತ್ತದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ.

ನಿಗದಿತ ಮೊತ್ತದ ಮಿತಿಯೇ ಬೇಕೆಂದರೆ, ಅದು ಮುದ್ರಿತ ಷರತ್ತು ಎನ್ನಿಸಿಕೊಳ್ಳದಂತೆ ನಿಜವಾಗಿ ಚೌಕಾಸಿ ಮಾಡಬೇಕು. "ಈ ಕಲಮನ್ನು ಇಬ್ಬರೂ ಚರ್ಚಿಸಿ ಒಪ್ಪಿದ್ದೇವೆ" ಎಂಬ ಸಾಲಿಗೆ ಬೆಲೆಯಿಲ್ಲ. ಕಲಮನ್ನು ಬದಲಿಸಲು ನೀವು ಮನಸಾರೆ ತಯಾರಿದ್ದಿರಿ ಎಂಬುದಕ್ಕೆ ಪುರಾವೆ ಬೇಕು. ಮಿತಿ ಏರಿದರೆ ದರ ಎಷ್ಟು ಏರುತ್ತದೆ ಎಂದು ಎರಡು ದರಪಟ್ಟಿ ಕೊಡಿ, ತಿದ್ದಿದ ಪ್ರತಿ ಕರಡನ್ನೂ ಇಮೇಲನ್ನೂ ಸಭೆಯ ಟಿಪ್ಪಣಿಯನ್ನೂ ಇಟ್ಟುಕೊಳ್ಳಿ.

ಇನ್ನೊಂದು ದಾರಿ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಜರಡಿ ಹಿಡಿಯುವುದು ಷರತ್ತು ತಂದವನ ವಿರುದ್ಧ ಮಾತ್ರ. ಗಿರಾಕಿಯೇ ತನ್ನ ಖರೀದಿ ಷರತ್ತು ಮುಂದಿಟ್ಟು, ಅದರಲ್ಲಿ ನಿಮ್ಮ ಹೊಣೆಗೆ ಮಿತಿ ಇದ್ದರೆ, ಅದು ಅನ್ಯಾಯ ಎಂದು ಆಮೇಲೆ ಅವನು ಹೇಳುವಂತಿಲ್ಲ. ಆದ್ದರಿಂದ ದೊಡ್ಡ ಕಂಪನಿಯ ಕರಡು ಬಂದಾಗ ಹಟಕ್ಕೆ ಬಿದ್ದು ನಿಮ್ಮದನ್ನೇ ತುರುಕಬೇಡಿ, ಮೊದಲು ಅವರದನ್ನು ಓದಿ.

ಕರಾರಿಗೆ ಸ್ವಿಸ್ ಕಾನೂನು ಅನ್ವಯ ಎಂದು ಬರೆದುಕೊಂಡರೆ ಈ ಜರಡಿಯಿಂದ ತಪ್ಪಿಸಿಕೊಳ್ಳಬಹುದು ಎಂಬ ಸಲಹೆ ಓಡಾಡುತ್ತಿದೆ. ಅದು ನಿಜವಾದ ಅಂತರರಾಷ್ಟ್ರೀಯ ಕರಾರಿಗೆ ಸರಿ. ನಿಮ್ಮ ಜಿಎಂಬಿಎಚ್ ಜರ್ಮನ್ ಕಂಪನಿ, ಗಿರಾಕಿಯೂ ಜರ್ಮನ್, ಕೆಲಸವೂ ಇಲ್ಲೇ ಎಂದಾದರೆ ಕರಾರಿಗೆ ಯಾವ ದೇಶದ ಕಾನೂನು ಎಂದು ಹೇಳುವ ಐರೋಪ್ಯ ಒಕ್ಕೂಟದ ರೋಮ್-1 ನಿಯಮದ 3(3)ನೇ ವಿಧಿ ಎಜಿಬಿ ಜರಡಿಯನ್ನು ಮತ್ತೆ ಒಳಗೆ ತರುತ್ತದೆ.

ಸಣ್ಣ ಅಂಗಡಿಯವನನ್ನು ದೊಡ್ಡವನ ಮುದ್ರಿತ ಷರತ್ತಿನಿಂದ ಕಾಯುವ ಈ ಕಾನೂನು ಒಳ್ಳೆಯದೇ. ಇಬ್ಬರು ತಿಳಿದ ವ್ಯಾಪಾರಸ್ಥರ ನಡುವೆ ಮಾತ್ರ ನಮ್ಮ 1872ರ ಕರಾರು ಕಾಯ್ದೆಯ ದಾರಿಯೇ ಮೇಲು, ಒಪ್ಪಿದ ಮಾತಿಗೆ ಅಲ್ಲಿ ಬೆಲೆಯಿದೆ. ಬಾಕಿ ವಸೂಲಿಯಲ್ಲಿ ಜರ್ಮನಿಯನ್ನು ಮೀರಿಸುವುದು ಕಷ್ಟ: ತಡವಾದ ಇನ್‌ವಾಯ್ಸ್‌ಗೆ ಮೂಲ ಬಡ್ಡಿದರಕ್ಕಿಂತ 9 ಶೇಕಡಾಂಶ ಹೆಚ್ಚು ಬಡ್ಡಿ ಕಾನೂನಿನಲ್ಲೇ ಇದೆ.

ಸರಕು ಆಮದು ಮಾಡುವವರಿಗೆ ಎರಡು ಮಾತು. ಮಾಲು ಬಂದ ಕೂಡಲೇ ಬಿಚ್ಚಿ ನೋಡಿ, ದೋಷವಿದ್ದರೆ ತಡಮಾಡದೆ ಬರೆದು ತಿಳಿಸಿ. ವಾಣಿಜ್ಯ ಸಂಹಿತೆಯ 377ನೇ ಕಲಮಿನಡಿ ಸುಮ್ಮನಿದ್ದರೆ ಮಾಲು ಒಪ್ಪಿದಂತೆ. "ಜರ್ಮನ್ ಕಾನೂನು ಅನ್ವಯ" ಎಂದಷ್ಟೇ ಬರೆದರೆ ಅಂತರರಾಷ್ಟ್ರೀಯ ಸರಕು ಮಾರಾಟದ 1980ರ ವಿಯೆನ್ನಾ ಒಪ್ಪಂದವೂ ಜೊತೆಗೆ ಬರುತ್ತದೆ. ಭಾರತ ಅದರ ಸದಸ್ಯ ಅಲ್ಲದಿದ್ದರೂ ಬರುತ್ತದೆ. ಬೇಡವಾದರೆ ಹೆಸರಿಸಿ ಹೊರಗಿಡಿ.

ಬೆಂಗಳೂರಿನ ತಂಡದೊಂದಿಗಿನ ಕರಾರಿನಲ್ಲಿ "ವ್ಯಾಜ್ಯ ಮ್ಯೂನಿಕ್ ನ್ಯಾಯಾಲಯದಲ್ಲಿ" ಎಂದು ಬರೆಯಬೇಡಿ. ಜರ್ಮನ್ ತೀರ್ಪು ಭಾರತದಲ್ಲಿ ನೇರ ಜಾರಿಯಾಗುವುದಿಲ್ಲ, ಅದನ್ನು ಹಿಡಿದು ಅಲ್ಲಿ ಹೊಸ ದಾವೆ ಹೂಡಬೇಕು. ಮಧ್ಯಸ್ಥಿಕೆ ಎಂದು ಬರೆಯಿರಿ. ಎರಡೂ ದೇಶಗಳು 1958ರ ನ್ಯೂಯಾರ್ಕ್ ಒಪ್ಪಂದದಲ್ಲಿ ಇರುವುದರಿಂದ ಮಧ್ಯಸ್ಥರ ತೀರ್ಪನ್ನು ಭಾರತದ ಹೈಕೋರ್ಟಿನಲ್ಲಿ ಜಾರಿಗೆ ಹಾಕಬಹುದು. ಸ್ಥಳ, ಭಾಷೆ, ಮಧ್ಯಸ್ಥರ ಸಂಖ್ಯೆ, ಯಾವ ಸಂಸ್ಥೆಯ ನಿಯಮ, ಈ ನಾಲ್ಕನ್ನೂ ಅದೇ ಕಲಮಿನಲ್ಲಿ ಬರೆದುಬಿಡಿ.