ಬೇಲ್ ಸಿಕ್ಕಿದರೂ ಜೈಲಿನಲ್ಲೇ ಉಳಿಯುವವರು

ಬಡವರ ಕೇಸಿನಲ್ಲಿ ಬೇಲ್ ಆರ್ಡರ್ ಆದರೆ ಅರ್ಧ ಕೆಲಸ ಮುಗಿದಂತೆ, ಅಷ್ಟೇ. ಆರ್ಡರ್ ಕೈಗೆ ಬಂದ ಮೇಲೂ ಜಾಮೀನು ನಿಲ್ಲುವವರು ಸಿಗದೆ ಒಳಗೇ ಉಳಿದವರನ್ನು ನಾನು ತುಂಬಾ ನೋಡಿದ್ದೇನೆ.

ನಾನು ಕಾನೂನು ನೆರವು ಅಭಿರಕ್ಷಕರ ಕಚೇರಿಯಲ್ಲಿ, ಅಂದರೆ ಆರೋಪಿಗಳ ಪರ ಉಚಿತವಾಗಿ ವಾದಿಸುವ ಕಚೇರಿಯಲ್ಲಿ ವಕೀಲ. ಖಾಸಗಿ ಕೇಸು ಹಿಡಿಯುವಂತಿಲ್ಲ, ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಬಂಧನದಲ್ಲಿರುವವರ ಆದಾಯ ಎಷ್ಟೇ ಇರಲಿ, ಅವರಿಗೆ ಉಚಿತ ವಕೀಲರು ಸಿಗಬೇಕು. ಆದರೂ ಜೈಲಿನಲ್ಲಿ ಮೊದಲ ಸಲ ಕೂತಾಗ ಬಹಳ ಜನ ಕೇಳುವುದು ಒಂದೇ: "ನೀವು ಪೊಲೀಸರ ಕಡೆಯವರಾ?" ಸಂಬಳ ಸರ್ಕಾರದಿಂದ ಬರುತ್ತೆ ಅಂದಮೇಲೆ ಅನುಮಾನ ಸಹಜ ಅಲ್ವಾ?

ಅದಕ್ಕೇ ಮೊದಲ ದಿನ ನಾನು ಕೇಸಿನ ಮಾತೇ ಎತ್ತುವುದಿಲ್ಲ. ಊರು ಯಾವುದು, ಮನೆಯವರಿಗೆ ವಿಷಯ ಗೊತ್ತಾ, ಜಮೀನು ಯಾರ ಹೆಸರಲ್ಲಿದೆ ಅಂತ ಕೇಳುತ್ತೇನೆ. ಆಮೇಲೆ ಫೋನ್ ನಂಬರ್. ಇಲ್ಲೇ ಜಾಸ್ತಿ ಹೊತ್ತು ಹಿಡಿಯುತ್ತದೆ. ಮೊಬೈಲ್ ಜಪ್ತಿ ಆಗಿರುತ್ತದೆ, ಬಾಯಿಪಾಠ ಒಂದೂ ಇರುವುದಿಲ್ಲ.

ರಾಯಚೂರು ಕಡೆಯ ಒಬ್ಬ ಹುಡುಗ, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವನು. ಸೈಟಿನ ಕಬ್ಬಿಣ ಕದ್ದ ಆರೋಪ. "ಯಾರ ನಂಬರೂ ನೆನಪಿಲ್ರಿ ಸರ" ಅಂದ. ಊರಿನ ಪಂಚಾಯ್ತಿ ಮೂಲಕ ಹುಡುಕಿಸಿ ಅವನ ಅಣ್ಣನನ್ನು ಹಿಡಿದೆವು. ಅಣ್ಣ ಪಹಣಿ ತಂದ. ನೋಡಿದರೆ ಅದು ತೀರಿಹೋದ ತಾತನ ಹೆಸರಲ್ಲೇ ಇದೆ! ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಜಮೀನಿನ ವರ್ಗಾವಣೆ, ಆಗೇ ಇಲ್ಲ. ಇಂಥ ಪಹಣಿ ಇಟ್ಟುಕೊಂಡು ಜಾಮೀನು ನಿಲ್ಲಲಾಗುವುದಿಲ್ಲ.

ಬೇಲ್ ಆರ್ಡರ್‌ನಲ್ಲಿದ್ದ ಜಾಮೀನುದಾರರ ಷರತ್ತು ಸಡಿಲಿಸಿ ಅಂತ ಅರ್ಜಿ ಹಾಕಿದೆ. ಬೇರೆ ಜಿಲ್ಲೆಯವರು ಅನ್ನುವ ಕಾರಣಕ್ಕೆ ಜಾಮೀನುದಾರರನ್ನು ತಿರಸ್ಕರಿಸಬಾರದು ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಮೋತಿ ರಾಮ್ ಪ್ರಕರಣದಲ್ಲಿ ಹೇಳಿದೆ. ಬೇಲ್ ಆಗಿ ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಬದಲಿಸುವುದನ್ನು ನ್ಯಾಯಾಲಯವೇ ಪರಿಶೀಲಿಸಬಹುದು ಅಂತ 2023ರ ಜನವರಿಯಲ್ಲಿ ನಿರ್ದೇಶನ ಕೊಟ್ಟಿದೆ. ಎರಡನ್ನೂ ಲಗತ್ತಿಸಿದೆ. ಜೊತೆಗೆ ಪಂಚಾಯ್ತಿಯ ಪತ್ರ, ಅಣ್ಣನ ರೇಷನ್ ಕಾರ್ಡ್. ಈ ಕುಟುಂಬ ಎಲ್ಲಿಗೂ ಓಡಿಹೋಗುವುದಿಲ್ಲ ಅಂತ ನ್ಯಾಯಾಧೀಶರಿಗೆ ಮನವರಿಕೆ ಮಾಡಿದ್ದು ಈ ಕಾಗದಗಳೇ. ಜಾಮೀನುದಾರರಿಲ್ಲದೆ, ಹುಡುಗನ ಸ್ವಂತ ಬಾಂಡ್ ಮೇಲೆ ಬಿಡುಗಡೆ ಆಯಿತು. ವಿಚಾರಣೆ ಇನ್ನೂ ನಡೆಯುತ್ತಿದೆ, ಹುಡುಗ ತಪ್ಪದೆ ಬರುತ್ತಿದ್ದಾನೆ.

ಪ್ರತಿ ಫೈಲಿನ ಮೇಲೆ ಮೊದಲ ರಿಮಾಂಡ್ ತಾರೀಖನ್ನು, ಅಂದರೆ ಕೋರ್ಟ್ ಆರೋಪಿಯನ್ನು ಮೊದಲು ಕಸ್ಟಡಿಗೆ ಕಳಿಸಿದ ದಿನವನ್ನು, ದಪ್ಪಕ್ಷರದಲ್ಲಿ ಬರೆಯುತ್ತೇನೆ. ಕೇಸಿನ ಸೆಕ್ಷನ್ ನೋಡಿಕೊಂಡು 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಬೇಲ್ ಆರೋಪಿಯ ಹಕ್ಕು. ರಿಮಾಂಡ್ ಆದ ದಿನವೂ ಲೆಕ್ಕಕ್ಕೆ ಸೇರುತ್ತದೆ. ಆದರೆ ಚಾರ್ಜ್‌ಶೀಟ್ ಬರುವ ಮೊದಲೇ ಅರ್ಜಿ ಬೀಳಬೇಕು, ಅದಕ್ಕೇ ಗಡುವು ಮುಗಿದ ಮರುದಿನ ಕೋರ್ಟ್ ತೆರೆದ ಕೂಡಲೇ ಹಾಕುತ್ತೇನೆ.

ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನು ಬಿಎನ್‌ಎಸ್‌ಎಸ್‌ನ 479ನೇ ಸೆಕ್ಷನ್ ಬಂದಾಗ ನನಗೆ ಖುಷಿಯಾಗಿತ್ತು. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗಿರದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡಬೇಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದಿಲ್ಲ, ಅದು ಸರಿ. ಆದರೆ ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೂ ಇದರ ಲಾಭ ಇಲ್ಲ. ಸಣ್ಣಪುಟ್ಟ ಕಳವಿನ ಆರೋಪಿಗಳ ಮೇಲೆ ಎರಡು ಮೂರು ಕೇಸು ಸಾಮಾನ್ಯ. ಅವರಿಗೆ ಬಾಗಿಲು ಮುಚ್ಚಿದ್ದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ನಿಮಗೆ ಗೊತ್ತಿರುವ ಯಾರಾದರೂ ವಕೀಲರಿಲ್ಲದೆ ಒಳಗಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಬೇಲ್ ಆಗುವವರೆಗೆ ಸುಮ್ನೆ ಕಾಯಬೇಡಿ. ಪಹಣಿ ಯಾರ ಹೆಸರಲ್ಲಿದೆ ಅಂತ ಅವತ್ತೇ ನೋಡಿಟ್ಟುಕೊಳ್ಳಿ.