ಡಬ್ಬದ ಆಚಾರಿಗಳು

ನಮ್ಮ ತಾತ ಪೀಣ್ಯದ ಶೆಡ್ಡಿಗೆ ಬಂದಿದ್ದು ಒಂದೇ ಸಲ. ಅಪ್ಪ ಆಗಷ್ಟೇ ಲೋಹ ಕಡೆಯುವ ಲೇತ್ ಮೆಷಿನ್ನೊಂದಕ್ಕೆ ಪೆಟ್ಟಿಗೆ ಮುಗಿಸಿ, ನಾಲ್ಕೂ ಮಗ್ಗುಲಿಗೆ ಹಲಗೆ ಬಡಿದು, ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ತಾತ ಒಂದು ಸುತ್ತು ಹಾಕಿದರು, ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದರು. "ಇದನ್ನ ಬಿಚ್ಚೋದು ಎಲ್ಲಿಂದ್ಲಾ?" ಅಂದರು. ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ಮುಚ್ಚುವುದನ್ನಷ್ಟೇ ನಾವು ಯೋಚಿಸಿದ್ದು. ಆ ತುದಿಯಲ್ಲಿ ಗಿರಾಕಿ ಹಾರೆ ಹಾಕಿ ಒಡೆದುಕೊಳ್ಳುತ್ತಿದ್ದ, ಮೆಷಿನ್ನಿನ ಬಣ್ಣವೂ ಅದರ ಜೊತೆ ಕಿತ್ತು ಬರುತ್ತಿತ್ತು. ಅವತ್ತಿನಿಂದ ಒಂದು ಮಗ್ಗುಲಿಗೆ ಮೊಳೆ ಬಿಟ್ಟು ಬೋಲ್ಟು ಹಾಕುತ್ತಿದ್ದೇವೆ.

ತಾತ ತುಮಕೂರು ಜಿಲ್ಲೆಯ ಹಳ್ಳಿಯೊಂದರ ಆಯಗಾರ ಬಡಗಿ. ವರ್ಷವಿಡೀ ಊರಿನವರ ನೇಗಿಲು, ನೊಗ, ಕುಂಟೆ, ಕೂರಿಗೆ ರಿಪೇರಿ. ಕೂಲಿ ಅಂತ ಕಾಸು ಕೈಗೆ ಬರುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರಾಗಿ ಅಳೆದು ಕೊಡುತ್ತಿದ್ದರು. ಕಬ್ಬಿಣದ ನೇಗಿಲು, ಟ್ರ್ಯಾಕ್ಟರು ಬಂದ ಮೇಲೆ ಆ ಅಳತೆಯೂ ತಗ್ಗಿತು. 70ರ ದಶಕದ ಕೊನೆಯಲ್ಲಿ ಅಪ್ಪ ಉಳಿ, ಕೊಡತಿ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತಿದರು. 1953ರಲ್ಲಿ ಹುಟ್ಟಿದ ಎಚ್‌ಎಂಟಿಯಿಂದಾಗಿ ಜಾಲಹಳ್ಳಿ ಕಡೆ ಮೆಷಿನ್ ಕೆಲಸ ಆಗಲೇ ಬೇರು ಬಿಟ್ಟಿತ್ತು. ಪಕ್ಕದ ಪೀಣ್ಯದಲ್ಲಿ ಸಣ್ಣ ಕಾರ್ಖಾನೆಗಳು ಏಳುತ್ತಿದ್ದವು. ಮೆಷಿನ್ ಮಾಡಿದವನು ಅದನ್ನು ಲಾರಿಗೆ ಹಾಕಲೇಬೇಕಲ್ಲ, ಅದಕ್ಕೊಂದು ಡಬ್ಬ ಬೇಕು. "ಗಾಡಿ ಚಕ್ರ ಮಾಡೋ ಕೈ ಡಬ್ಬ ಬಡೀತಾ ಐತೆ" ಎಂದು ತಾತ ಕೊನೆವರೆಗೂ ಊರಲ್ಲಿ ಹೇಳಿಕೊಂಡು ಓಡಾಡಿದರು.

ಡಬ್ಬ ಬಡಿಯುವುದು ಸುಲಭದ ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ಡಿಪ್ಲೊಮಾ ಮುಗಿಸಿ ಶೆಡ್ಡಿಗೆ ಬಂದ ಮೊದಲ ವರ್ಷ ನಾನೇ ನಿಂತು ಮಾಡಿಸಿದ ಪೆಟ್ಟಿಗೆ ಲಾರಿಗೆ ಏರಿಸುವಾಗಲೇ ವಾಲಿತು. ಲೇತಿನ ತೂಕವೆಲ್ಲ ಹೆಡ್‌ಸ್ಟಾಕ್ ಕಡೆಗೆ, ಅಂದರೆ ಗೇರುಗಳಿರುವ ತುದಿಗೆ. ಪೆಟ್ಟಿಗೆಯ ನಟ್ಟನಡುವೆ ಫೋರ್ಕ್‌ಲಿಫ್ಟ್ ತೂರಿಸಿದರೆ ವಾಲದೆ ಇನ್ನೇನು? ಹೊರಗಿನಿಂದ ಎರಡು ತುದಿಯೂ ಒಂದೇ ಥರ ಕಾಣುತ್ತವೆ, ಡ್ರೈವರಿಗೆ ಹೇಗೆ ಗೊತ್ತಾಗಬೇಕು. ತೂಕದ ನಡು ಎಲ್ಲಿದೆ ಎಂದು ಹೊರಗೆ ಗುರುತು ಹಾಕಬೇಕಾದವನು ನಾನು. ಅಡಿಯ ಸ್ಕಿಡ್ ಮರ ದಪ್ಪ ಇದ್ದದ್ದಕ್ಕೆ ಮೆಷಿನ್ ನೆಲಕ್ಕೆ ಬೀಳಲಿಲ್ಲ. ಅಪ್ಪ ಬೈಯಲಿಲ್ಲ. ಎರಡು ದಿನ ಮಾತಾಡಲಿಲ್ಲ, ಅಷ್ಟೆ.

ಅಪ್ಪನ ಕಾಲದಲ್ಲಿ ಸಾಮಿಲ್ಲಿನಿಂದ ಬರುತ್ತಿದ್ದದ್ದು ಕಾಡುಮರ; ಯಾವ ಜಾತಿ ಅಂತ ಯಾರೂ ಕೇಳುತ್ತಿರಲಿಲ್ಲ. ದಿಮ್ಮಿಯ ಸುತ್ತಳತೆಗೆ ದಾರ ಹಿಡಿದು, ಆ ದಾರವನ್ನು ನಾಲ್ಕು ಮಡಿಕೆ ಮಾಡಿ, ಮಡಿಕೆಯ ಉದ್ದವನ್ನು ಅದರಿಂದಲೇ ಗುಣಿಸಿ, ದಿಮ್ಮಿಯ ಉದ್ದದಿಂದ ಮತ್ತೆ ಗುಣಿಸುವುದು. 48 ಇಂಚು ಸುತ್ತಳತೆ, 10 ಅಡಿ ಉದ್ದದ ದಿಮ್ಮಿಗೆ 10 ಘನ ಅಡಿ ಲೆಕ್ಕ. ನಿಜಕ್ಕೂ ಅದರಲ್ಲಿ 12.7 ಘನ ಅಡಿ ಮರ ಇರುತ್ತದೆ. ಮಿಕ್ಕಿದ್ದು ಸಿಪ್ಪೆ, ಹೊಟ್ಟು, ವಾರೆಕೋರೆಗೆ ಹೋಗುತ್ತದೆ ಅಂತ ಹಳಬರು ಬಿಟ್ಟ ರಿಯಾಯಿತಿ. ನಾನು ಕ್ಯಾಲ್ಕುಲೇಟರ್ ಒತ್ತುವುದರೊಳಗೆ ಅಪ್ಪ ದಾರ ಮಡಿಸಿ ರೇಟು ಹೇಳಿ ಮುಗಿಸಿರುತ್ತಾರೆ.

1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ ಕಾಡಿನ ಮರ ಕಡಿಯುವುದಕ್ಕೆ ಬಿಗಿ ಹಾಕಿತು. ಅಲ್ಲಿಂದ ಕಾಡುಮರ ನಮ್ಮ ಕೈಗೆ ಎಟುಕಲಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೂ ಹಾಕುವ ಸಿಲ್ವರ್ ಓಕ್ ನಮ್ಮನ್ನು ಉಳಿಸಿತು. ಅದನ್ನು ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಲ್ಲೇ ವಿನಾಯಿತಿ ಇದೆ. ನೀಲಗಿರಿಯನ್ನೂ ಪಳಗಿಸಿಕೊಂಡೆವು, ಆದರೆ ಅದು ಹಟಮಾರಿ ಮರ. ಒಣಗುತ್ತ ತಿರುಚುತ್ತದೆ, ತುದಿಗೆ ಮೊಳೆ ಹೊಡೆದರೆ ಸೀಳುತ್ತದೆ. ಮೊಳೆಯ ಮೊನೆಯನ್ನು ಸುತ್ತಿಗೆಯಿಂದ ತಟ್ಟಿ ಮೊಂಡು ಮಾಡಿ ಹೊಡೆಯುವುದನ್ನು ಅಪ್ಪ ಕಲಿಸಿದರು. ಚೂಪು ಮೊನೆ ನಾರನ್ನು ಸರಿಸಿ ಸೀಳು ಬಿಡಿಸುತ್ತದೆ, ಮೊಂಡು ಮೊನೆ ನಾರನ್ನು ಕತ್ತರಿಸಿಕೊಂಡು ಒಳಗೆ ಹೋಗುತ್ತದೆ.

ಆಮೇಲೆ ಹುಳದ ತಂಟೆ. ಏಷ್ಯಾದ ಮರ ಕೊರೆಯುವ ದುಂಬಿಯೊಂದು 1996ರಲ್ಲಿ ನ್ಯೂಯಾರ್ಕಿನ ಮರಗಳಲ್ಲಿ ಸಿಕ್ಕಿತು, ಪ್ಯಾಕಿಂಗ್ ಮರದೊಳಗೆ ಕೂತು ಬಂದಿರಬೇಕು ಅಂತ ಗುಮಾನಿ. ಇಂಥವನ್ನೆಲ್ಲ ತಡೆಯಲು 2002ರಲ್ಲಿ ಐಎಸ್‌ಪಿಎಂ-15 ಎಂಬ ಅಂತರರಾಷ್ಟ್ರೀಯ ನಿಯಮ ಬಂತು. ಮರದ ತಿರುಳೇ 56 ಡಿಗ್ರಿ ಸೆಲ್ಸಿಯಸ್ ಮುಟ್ಟಿ 30 ನಿಮಿಷ ಬಿಡದೆ ಹಾಗೇ ಇರಬೇಕು. ಹಾಗೆ ಕಾಯಿಸಿದ್ದಕ್ಕೆ ಗುರುತಾಗಿ ಗಿರಾಕಿಗಳು ಮುದ್ರೆ ಕೇಳತೊಡಗಿದಾಗ ಅಮ್ಮನ ಬಳೆ ಅಡವಿಟ್ಟು ಮರ ಕಾಯಿಸುವ ಚೇಂಬರ್ ಕಟ್ಟಿಸಿದೆವು. ಅತಿ ದಪ್ಪನೆಯ ಮರಕ್ಕೆ ತೂತು ಕೊರೆದು ತಾಪದ ಸೂಜಿ ತೂರಿಸುತ್ತೇವೆ. ಗಾಳಿ 70 ಡಿಗ್ರಿ ದಾಟಿದರೂ ತಿರುಳು 40ರಲ್ಲಿ ಕೂತು ಸತಾಯಿಸುತ್ತದೆ. ಡಿಸೆಂಬರ್ ಚಳಿಯಲ್ಲಂತೂ ಕೇಳಲೇಬೇಡಿ.

ಮುದ್ರೆಯದ್ದೇ ಒಂದು ಕಥೆ. ತೆನೆಯ ಚಿಹ್ನೆ, ದೇಶದ ಎರಡು ಅಕ್ಷರ, ನಮ್ಮ ನಂಬರು, ಕಾಯಿಸಿದ ಮರ ಎಂಬುದಕ್ಕೆ ಎಚ್‌ಟಿ. ಒಂದು ಸಂಜೆ ಲಾರಿ ಬಂದು ನಿಂತಿದೆ, ತಗಡಿನ ಅಚ್ಚು ಮುರಿದುಹೋಗಿದೆ. ಅಪ್ಪನ ಅಕ್ಷರ ಮುತ್ತಿನಂಥದ್ದು. ಬ್ರಷ್ ಹಿಡಿದು ಪ್ರತಿ ಪೆಟ್ಟಿಗೆಗೂ ತೆನೆ ಬಿಡಿಸಿದರು, ಎದ್ದು ಕಾಣಲಿ ಅಂತ ಕೆಂಪು ಬಣ್ಣದಲ್ಲಿ. ಅಚ್ಚಿಗಿಂತ ಚೆನ್ನಾಗಿತ್ತು, ಸುಳ್ಳಲ್ಲ. ಗಿರಾಕಿಯ ಕಡೆಯ ಇನ್‌ಸ್ಪೆಕ್ಟರು ನೋಡಿ ನಕ್ಕರು. ಕೈಯಲ್ಲಿ ಬರೆದ ಮುದ್ರೆ ನಿಯಮದಲ್ಲಿ ನಡೆಯುವುದಿಲ್ಲ. ಕೆಂಪು, ಕಿತ್ತಳೆ ಬಣ್ಣವನ್ನು ಅಪಾಯದ ಸರಕಿಗೆ ಅಂತ ಬಿಟ್ಟಿರುತ್ತಾರೆ, ಅದೂ ಕೂಡದು. ರಾತ್ರಿಯಿಡೀ ಕೂತು ಅಪ್ಪ ತಮ್ಮ ಚಿತ್ರಗಳನ್ನು ತಾವೇ ಕೆರೆದು ತೆಗೆದರು.

ನಾನು ಮಾಡಿದ ತಪ್ಪಿನ ಮುಂದೆ ಅದು ಏನೂ ಅಲ್ಲ. ಒಂದು ಆಷಾಢದಲ್ಲಿ ಹಸಿ ಸಿಲ್ವರ್ ಓಕ್ ಕೊಯ್ಸಿ ಪ್ಯಾಲೆಟ್, ಅಂದರೆ ಸರಕಿನ ಅಡಿಗೆ ಇಡುವ ಮರದ ಮಣೆ, ಮಾಡಿ, ಕಾಯಿಸಿ, ಮುದ್ರೆ ಒತ್ತಿ ಕಳಿಸಿದೆ. ಗಿರಾಕಿ ಅದರ ಮೇಲೆ ಸರಕಿಟ್ಟು ಪ್ಲಾಸ್ಟಿಕ್ ಸುತ್ತಿ ಕಂಟೇನರಿಗೆ ಹಾಕಿದರು. ಬಾಗಿಲು ತೆಗೆದಾಗ ಪ್ಯಾಲೆಟ್ಟುಗಳ ಮೇಲೆಲ್ಲ ಹಸಿರು ಬೂಷ್ಟು, ರಟ್ಟಿನ ಡಬ್ಬಗಳಿಗೂ ಹತ್ತಿತ್ತು. ಕಾಯಿಸಿದ ಮೇಲೆ ಒಣಗಿದ ಹಾಗೇ ಅಂತ ನಾನು ನಂಬಿಕೊಂಡಿದ್ದೆ. ಆ ಬಿಸಿ ಹುಳ ಸಾಯುವುದಕ್ಕೆ ಸಾಕು, ನೀರು ಹೋಗುವುದಕ್ಕೆ ಸಾಲದು. ಮರದ ತೇವ ನೂರಕ್ಕೆ 20ಕ್ಕಿಂತ ಕೆಳಗಿಳಿದರೆ ಮಾತ್ರ ಬೂಷ್ಟಿನ ಭಯ ಹೋಗುತ್ತದೆ. ಹಸಿ ಮರಕ್ಕೆ ಹೊಡೆದ ಮೊಳೆಯೂ ಅಷ್ಟೆ, ಮರ ಒಣಗುತ್ತಿದ್ದ ಹಾಗೆ ಹಿಡಿತ ಬಿಡುತ್ತದೆ. ಅಷ್ಟೂ ಪ್ಯಾಲೆಟ್ ಮತ್ತೆ ಮಾಡಿಕೊಟ್ಟೆವು, ಬಳೆ ಇನ್ನೊಂದು ವರ್ಷ ಬ್ಯಾಂಕಿನಲ್ಲೇ ಉಳಿದವು.

ಈಗ ಕೊಯ್ದ ಹಲಗೆಯನ್ನು ನಡುನಡುವೆ ಪಟ್ಟಿ ಇಟ್ಟು, ಗಾಳಿಯಾಡುವ ಹಾಗೆ ಅಟ್ಟಿ ಕಟ್ಟುತ್ತೇವೆ. ನನ್ನ ಹತ್ತಿರ ತೇವ ನೋಡುವ ಮೀಟರಿದೆ. ಅಪ್ಪ ಹಲಗೆ ಎತ್ತಿ ಅಂಗೈಯಲ್ಲಿ ತೂಗಿ ನೋಡುತ್ತಾರೆ, ಗೆಣ್ಣಿನಿಂದ ಕುಟ್ಟುತ್ತಾರೆ, ಥೇಟ್ ತಾತನ ಹಾಗೆ. ಹೋದ ವಾರ ಮೀಟರು 18 ತೋರಿಸಿತು. ಅಪ್ಪ "ಒಳಗಿನ್ನೂ ಹಸಿ ಐತೆ ಕಣೋ" ಅಂದರು. ಗಿರಾಕಿ ಬೆಳಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದ. ಒಂದು ಹಲಗೆಯನ್ನು ನಡುವೆ ಕೊಯ್ದು, ಕೊಯ್ದ ಮುಖಕ್ಕೆ ಮೀಟರ್ ಚುಚ್ಚಿದೆ. 26.

ಗುರುವಾರದವರೆಗೆ ಅಟ್ಟಿ ಮುಟ್ಟಬೇಡಿ ಅಂತ ಹುಡುಗರಿಗೆ ಹೇಳಿ, ಗಿರಾಕಿಗೆ ಫೋನ್ ಮಾಡಲು ಹೊರಗೆ ಹೋದೆ.